ಡಿಸೈನ್ ಮೇಷ್ಟ್ರ ರುದ್ರಾಕ್ಷಿ

ಹೆಬ್ಬಾಳದ ಹತ್ತಿರ ಹೊಸದಾಗಿ ಶುರುವಾದ ಕಾಫಿ ಅಂಗಡಿಗೆ ಮೊನ್ನೆ ತಂಗಿಯ ಮಗಳು ನನ್ನನ್ನು ಎಳೆದುಕೊಂಡು ಹೋದಳು. ನಾವು ಕೂತ ಮೇಜಿನ ಮೇಲೆ ಒಂದು ದೀಪ ತೂಗುತ್ತಿತ್ತು. ಅದರ ಸುತ್ತ ಮಾಸಲು ಕಂದು ಬಣ್ಣದ ರಟ್ಟಿನ ಪಟ್ಟಿಗಳು, ಪಟ್ಟಿಯ ತುಂಬ ಸಾಲು ಸಾಲು ತೂತು, ಪಟ್ಟಿಗೂ ಪಟ್ಟಿಗೂ ದಾರದ ಹೊಲಿಗೆ. "ಎಷ್ಟ್ ಕ್ಯೂಟಾಗಿದೆ ಅಲ್ವಾ ದೊಡ್ಡಮ್ಮ?" ಎಂದು ಅವಳು ಫೋಟೋ ಹೊಡೆದುಕೊಂಡಳು. ಕ್ಯೂಟಂತೆ! ನಾನು ಎದ್ದು ನಿಂತು ಆ ರಟ್ಟಿಗೆ ಮೂಗು ಹಚ್ಚಿದೆ. ಪಕ್ಕದ ಮೇಜಿನವರು ತಿರುಗಿ ನೋಡಿದರು, ನೋಡಲಿ. ಮಗ್ಗದ ಎಣ್ಣೆ, ನೂಲಿನ ಧೂಳು, ಒಂದಿಷ್ಟು ಗಂಜಿ... ಎಲ್ಲ ಇನ್ನೂ ಹಾಗೇ ಇತ್ತು. ಆಮೇಲೆ ಅವಳು ಏನೇನೋ ಮಾತಾಡಿದಳು, ನನಗೆ ಒಂದೂ ಕಿವಿಗೆ ಹೋಗಲಿಲ್ಲ.

ಅವು ಜಕಾರ್ಡ್ ಮಗ್ಗದ ರಟ್ಟುಗಳು. ಸೀರೆಯಲ್ಲಿ ಅಂಚು, ಬುಟ್ಟಾ ಏನೇ ಮೂಡಬೇಕಾದರೂ ಇಂಥ ರಟ್ಟುಗಳ ಮಾಲೆ ಮಗ್ಗದ ನೆತ್ತಿಯ ಮೇಲೆ ಸುತ್ತುತ್ತಿರಬೇಕು. ಅಡ್ಡಕ್ಕೆ ಹೋಗುವ ಒಂದೊಂದು ಎಳೆಗೂ ಒಂದೊಂದು ರಟ್ಟು. ಎಲ್ಲಿ ತೂತಿದೆಯೋ ಅಲ್ಲಿನ ಉದ್ದದ ಎಳೆ ಮೇಲೇಳುತ್ತದೆ, ತೂತಿಲ್ಲದ ಕಡೆ ಸುಮ್ಮನಿರುತ್ತದೆ. ತೂತು ಎಲ್ಲಿ ಬೀಳಬೇಕು ಎಂದು ಚಿತ್ರ ಬರೆದು ಹೇಳುವವರೊಬ್ಬರು ಇರುತ್ತಾರಲ್ಲ, ನಮ್ಮ ಬೀದಿಯಲ್ಲಿ ಅವರನ್ನು ಡಿಸೈನ್ ಮೇಷ್ಟ್ರು ಎನ್ನುತ್ತಿದ್ದರು. ಅವರು ಶಾಲೆಯ ಮೇಷ್ಟ್ರಾಗಿದ್ದವರಲ್ಲ. ಅವರ ಕಣ್ಣಿಗೆ ಕೊಟ್ಟ ಮರ್ಯಾದೆ ಅದು.

ಏರ್‌ಪೋರ್ಟ್ ರಸ್ತೆಯಲ್ಲಿ ಮೇಲ್ಸೇತುವೆಯ ಕಂಬಗಳು ಏಳುತ್ತಿದ್ದ ಕಾಲ. ನಾನು ಯಲಹಂಕದ ಹಳೇ ಊರಿನಲ್ಲಿ ಒಂದು ಮಹಡಿ ಮನೆಯಲ್ಲಿ ಬಾಡಿಗೆಗಿದ್ದೆ. ಅಲ್ಲೇ ಹತ್ತಿರದ ಕಾಲೇಜೊಂದರ ಕಂಪ್ಯೂಟರ್ ಲ್ಯಾಬಿನಲ್ಲಿ ಇನ್‌ಸ್ಟ್ರಕ್ಟರ್ ಕೆಲಸ. ಪಾಠ ಮಾಡುವವರು ಬೇರೆ. ಮೌಸ್ ಕೆಟ್ಟರೆ, ಪ್ರೋಗ್ರಾಂ ತೆರೆಯದಿದ್ದರೆ, ಪರೀಕ್ಷೆಯ ದಿನ ಕರೆಂಟು ಹೋದರೆ, ಆಗ ನಾನು. ಕೆಳಗಿನ ಮನೆಯಲ್ಲಿ ಮೇಷ್ಟ್ರು ಮತ್ತು ಅವರ ಹೆಂಡತಿ. ಎರಡು ಮನೆ ದಾಟಿದರೆ ಮೇಷ್ಟ್ರಿಗೆ ಕೆಲಸ ಕೊಟ್ಟಿದ್ದ ಸಾವ್ಕಾರರ ಮಗ್ಗದ ಶೆಡ್. ಬೆಳಗಾದರೆ ಟಕಟಕ ಶುರು. ಮೊದಲ ತಿಂಗಳು ನನ್ನ ತಲೆ ಸಿಡಿದುಹೋಗುತ್ತಿತ್ತು. ಆಮೇಲೆ ಭಾನುವಾರ ಮಗ್ಗ ನಿಂತರೆ ಏನೋ ಕಳೆದುಕೊಂಡ ಹಾಗಾಗುತ್ತಿತ್ತು.

ಮೇಷ್ಟ್ರು ಸಣಕಲು ಮನುಷ್ಯ. ಇಸ್ತ್ರಿ ಹಾಕಿದ ಅಂಗಿ, ಕಿವಿಯ ಹಿಂದೆ ಪೆನ್ಸಿಲ್. ಗ್ರಾಫ್ ಹಾಳೆ ಬಿಟ್ಟು ಕಂಪ್ಯೂಟರಿಗೆ ಬಂದು ಹದಿನೈದು ವರ್ಷವಾಗಿದ್ದರೂ ಆ ಪೆನ್ಸಿಲ್ ಕಿವಿ ಬಿಟ್ಟು ಇಳಿದಿರಲಿಲ್ಲ. "ಏನ್ ಲ್ಯಾಬ್ ಮೇಡಂ, ಇವತ್ತು ಎಷ್ಟು ಜನದ ಕಿವಿ ಹಿಂಡಿದ್ರಿ?" ಎಂದು ಮೆಟ್ಟಿಲ ಬಳಿ ದಿನಾ ಕೇಳುತ್ತಿದ್ದರು. ನಾನೂ ಬಿಡುತ್ತಿರಲಿಲ್ಲ. "ನಿಮ್ಮ ಕಿವಿ ಬಿಟ್ಟಿದ್ದೀನಿ ಮೇಷ್ಟ್ರೇ, ಪೆನ್ಸಿಲ್ ಅಡ್ಡ ಇದೆ" ಎನ್ನುತ್ತಿದ್ದೆ. ಅವರು ನಗುವಾಗ ಹೆಗಲು ಮಾತ್ರ ಕುಣಿಯುತ್ತಿತ್ತು, ಸದ್ದು ಬರುತ್ತಿರಲಿಲ್ಲ.

ಅವರ ಹೆಸರು ನಿಂತಿದ್ದದ್ದು ರುದ್ರಾಕ್ಷಿ ಅಂಚಿನ ಮೇಲೆ. ರುದ್ರಾಕ್ಷಿ ಅಂಚು ಎಲ್ಲ ಕಡೆಯೂ ನೇಯುತ್ತಾರೆ. ಆದರೆ ಚುಕ್ಕಿ ಚುಕ್ಕಿ ಜೋಡಿಸಿ ದುಂಡಗಿನ ಮಣಿ ಮಾಡುವುದು ಸುಲಭದ ಮಾತಲ್ಲ. ಸ್ವಲ್ಪ ಹೆಚ್ಚುಕಮ್ಮಿಯಾದರೆ ಮಣಿಗೆ ಮೂಲೆ ಬರುತ್ತದೆ. ಇವರ ಮಣಿ ಉರುಳಿಕೊಂಡು ಹೋಗುತ್ತದೇನೋ ಎನ್ನುವಷ್ಟು ದುಂಡಗಿರುತ್ತಿತ್ತು. ಮದುವೆ ಮನೆಯಲ್ಲಿ ಯಾರೋ ಉಟ್ಟ ಸೀರೆ ನೋಡಿ "ಇದು ನಮ್ಮ ಮೇಷ್ಟ್ರ ಕೈ" ಎಂದು ನೇಕಾರರು ಹೇಳುವುದನ್ನು ನಾನೇ ಕೇಳಿದ್ದೇನೆ.

ಒಂದೇ ತಿಂಗಳಲ್ಲಿ ಎರಡು ಸಂಗತಿ ಆದವು. ಮೇಷ್ಟ್ರ ಬಲಗಣ್ಣಿಗೆ ಪೊರೆಯ ಆಪರೇಷನ್ ಆಯಿತು. ಅವರು ಮನೆಯಲ್ಲಿ ಹಸಿರು ಬಟ್ಟೆ ಕಟ್ಟಿಕೊಂಡು ಮಲಗಿದ್ದಾಗ ಅವರ ಕಂಪ್ಯೂಟರ್ ಸತ್ತುಹೋಯಿತು. ಅದರ ಜೊತೆಗೆ ಆ ಹೊಟ್ಟೆ ಡುಬ್ಬಣ್ಣನಂಥ ಮಾನಿಟರೂ ಹೋಯಿತು. ಡಿಸೈನ್ ಬರೆಯುವ ಪ್ರೋಗ್ರಾಂ ಬಹಳ ಹಿಂದೆ ಯಾರೋ ನೇಕಾರರಿಗೆಂದೇ ಬರೆದುಕೊಟ್ಟದ್ದು. ಬರೆದವರು ಯಾರೋ, ಈಗ ಎಲ್ಲಿದ್ದಾರೋ. ಹೊಸ ಕಂಪ್ಯೂಟರಿನಲ್ಲಿ ಅದು ಜಪ್ಪಯ್ಯ ಅಂದರೂ ತೆರೆಯುವುದಿಲ್ಲ. ಸಾವ್ಕಾರರು ಅಷ್ಟು ಹೊತ್ತಿಗೆ ದೊಡ್ಡ ಅಂಗಡಿಯೊಂದರಿಂದ ರುದ್ರಾಕ್ಷಿ ಅಂಚಿನ ಹೊಸ ಆರ್ಡರ್ ಹಿಡಿದಿದ್ದರು. "ಇದೊಂದು ಸರಿಯಾಗಿ ಬಂದ್ರೆ ನಿಮ್ ಕುರ್ಚಿ ಗಟ್ಟಿ ಮೇಷ್ಟ್ರೇ, ಇಲ್ದಿದ್ರೆ ಎಲ್ರೂ ರೆಡಿ ಡಿಸೈನಿನ ಸೂರತ್ ಸಿಡಿ ತಂದು ಹಾಕ್ಕೊತಾವ್ರೆ, ನಾನೂ ಅದನ್ನೇ ಮಾಡ್ಬೇಕಾಗುತ್ತೆ" ಎಂದು ನನ್ನೆದುರಿಗೇ ಹೇಳಿ ಹೋದರು.

ಮೇಷ್ಟ್ರು ಮಹಡಿ ಹತ್ತಿ ಬಂದರು. ಕೈಯಲ್ಲಿ ಸತ್ತ ಕಂಪ್ಯೂಟರಿನ ಡಿಸ್ಕು, ಬಟ್ಟೆಯಲ್ಲಿ ಸುತ್ತಿದ್ದರು.

"ಏನಾದ್ರೂ ಮಾಡಕ್ಕಾಗುತ್ತೇನಮ್ಮಾ?"

"ಅಯ್ಯೋ, ಇದೇನ್ ಮಹಾ! ಬಿಡಿ ನನಗೆ."

ಆ "ಇದೇನ್ ಮಹಾ" ಎಂದ ಬಾಯಿಗೆ ನಾನೇ ಇವತ್ತು ಎರಡು ಬಾರಿಸಬೇಕು.

ನನಗೆ ದಾರಿ ಗೊತ್ತಿತ್ತು. ವರ್ಚುವಲ್ ಮೆಷಿನ್ ಎಂದು ಇದೆ. ಹೊಸ ಕಂಪ್ಯೂಟರಿನ ಹೊಟ್ಟೆಯೊಳಗೆ ಒಂದು ಸುಳ್ಳು ಕಂಪ್ಯೂಟರ್ ಮಾಡಿ, ಹಳೇ ಪ್ರೋಗ್ರಾಮಿಗೆ "ನೀನು ನಿನ್ನ ಕಾಲದಲ್ಲೇ ಇದ್ದೀಯ, ಆರಾಮಾಗಿರು" ಎಂದು ನಂಬಿಸುವ ಉಪಾಯ. ಲ್ಯಾಬಿನಲ್ಲಿ ಹಳೇ ಸಿಲಬಸ್ಸಿಗೆ ಇದನ್ನೇ ಮಾಡುತ್ತಿದ್ದೆವು. ಒಂದು ಭಾನುವಾರ ಬೆಳಗ್ಗೆ ಮನೆಯಲ್ಲಿ ನನ್ನ ಕಂಪ್ಯೂಟರಿನ ಮುಂದೆ ಕೂತೆ. ಡಿಸ್ಕು ಓದಿಸಿಕೊಂಡೆ, ಫೈಲುಗಳು ಬಂದವು. ಸುಳ್ಳು ಕಂಪ್ಯೂಟರಿಗೆ ಎಷ್ಟು ಮೆಮೊರಿ, ಎಷ್ಟು ಜಾಗ ಎಂದೆಲ್ಲ ಕೇಳಿ ಕೊನೆಗೆ ಯಾವ ಗ್ರಾಫಿಕ್ಸ್ ಬೇಕು ಎಂದು ಕೇಳುತ್ತದೆ. ಅಂದರೆ ಚಿತ್ರ ತೋರಿಸುವ ಯಾವ ಯಂತ್ರ ತನ್ನೊಳಗಿದೆ ಎಂದು ಅದು ಸುಳ್ಳು ಹೇಳಬೇಕು. ಪಟ್ಟಿಯಲ್ಲಿ ಮೂರಿದ್ದವು. ಒಂದನ್ನು ಕೊಟ್ಟರೆ ಪ್ರೋಗ್ರಾಂ ತೆರೆಯಲೇ ಇಲ್ಲ, ಬರೀ ಕಪ್ಪು. ಇನ್ನೊಂದು ತೀರಾ ಹಳೇ ಕಾಲದ ಮಾದರಿ. ಅದರಲ್ಲಿ ತೆರೆಯಿತು, ಆದರೆ ಚಿತ್ರ ಪರದೆಯ ಉದ್ದಕ್ಕೂ ಎಳೆದುಕೊಂಡು, ಅಂಚೆಲ್ಲ ಮಂಜು ಮಂಜಾಗಿ, ಚುಕ್ಕಿಗಳು ನಿಲ್ಲಿಸಿದ ಇಟ್ಟಿಗೆಯ ಹಾಗೆ ಕಾಣುತ್ತಿದ್ದವು. ಮೂರನೆಯದು ಅದಕ್ಕಿಂತ ಈಚಿನದು. ಅದನ್ನು ಕೊಟ್ಟ ತಕ್ಷಣ ಪ್ರೋಗ್ರಾಂ ತಾನಾಗಿ ದೊಡ್ಡ ಪರದೆಯಲ್ಲಿ ತೆರೆದುಕೊಂಡಿತು. ಸ್ಫಟಿಕದಂಥ ಚಿತ್ರ, ಚುಕ್ಕಿಗಳೆಲ್ಲ ಅಚ್ಚುಕಟ್ಟಾಗಿ ಚೌಕ. ಕಣ್ಣಿಗೆ ಹಬ್ಬ. ಅದನ್ನೇ ಇಟ್ಟೆ.

ಮೂರನ್ನೂ ಅವರಿಗೆ ತೋರಿಸಿ "ಯಾವುದು ನಿಮ್ಮದು?" ಎಂದು ಕೇಳಬೇಕು ಅಂತ ನನಗೆ ಹೊಳೆಯಲೇ ಇಲ್ಲ. ಕೇಳುವುದೇನಿದೆ, ಕಂಪ್ಯೂಟರ್ ವಿಷಯ ಅವರಿಗೇನು ಗೊತ್ತು ಎಂಬ ಧಿಮಾಕು.

ಮಧ್ಯಾಹ್ನ ಅವರನ್ನು ಕರೆದು ಕೂರಿಸಿದೆ. ತಮ್ಮ ಹಳೇ ರುದ್ರಾಕ್ಷಿ ಫೈಲು ತೆರೆದರು. ಬಹಳ ಹೊತ್ತು ನೋಡಿದರು. ಎಡಗಣ್ಣು ಮುಚ್ಚಿ ನೋಡಿದರು, ಬಲಗಣ್ಣು ಮುಚ್ಚಿ ನೋಡಿದರು.

"ಇಂಗ್ ಇರ್ಲಿಲ್ಲಮ್ಮ ಇದು. ಮಣಿ ಎಲ್ಲ ಅದುಮಿದಂಗೆ ಐತೆ. ಉದ್ದಿನವಡೆ ಥರ."

"ಮೇಷ್ಟ್ರೇ, ನಿಮ್ಮ ಹಳೇ ಮಾನಿಟರ್ ಎಂಥಾ ಪುರಾತನದ್ದು, ಅದು ಚಿತ್ರ ಎಳೆದು ತೋರಿಸ್ತಿತ್ತು. ಇದು ನಿಜವಾದ ಅಳತೆ."

"ಅಂಗಲ್ಲಮ್ಮ... ಸೀರೇಲಿ ದುಂಡಗೇ ಬರ್ತಿತ್ತಲ್ಲ?"

ಅಲ್ಲಿ ನಾನು ಒಂದು ನಿಮಿಷ ತಡೆದೆ. ತಡೆದದ್ದು ಯೋಚನೆ ಮಾಡಲಿಕ್ಕಲ್ಲ, ಉತ್ತರ ಹುಡುಕಲಿಕ್ಕೆ. "ಡಿಸ್ಕು ಸಾಯುವಾಗ ಫೈಲು ಕೆಟ್ಟಿರುತ್ತೆ" ಎಂದೆ. ಫೈಲು ಹಾಗೆಲ್ಲ ಒಂದೇ ಸಮ ಅದುಮಿಕೊಂಡು ಕೆಡುವುದಿಲ್ಲ ಎಂದು ನನಗೆ ಗೊತ್ತಿರಬೇಕಿತ್ತು. ಗೊತ್ತಿತ್ತೋ ಏನೋ... ಆದರೆ "ನನಗೆ ಗೊತ್ತಿಲ್ಲ" ಎಂಬ ಒಂದು ಮಾತು ಬಾಯಿಂದ ಹೊರಡಲಿಲ್ಲ. ಅದರ ಮೇಲೆ ಇನ್ನೊಂದು ಸೇರಿಸಿದೆ. "ನಿಮ್ಮ ಕಣ್ಣೂ ಈಗ ತಾನೇ ಸರಿಹೋಗಿದೆ. ಇಷ್ಟು ವರ್ಷ ಪೊರೆಯಲ್ಲಿ ನೋಡಿದ್ದು. ಈಗ ಕಾಣೋದೇ ಸರಿ."

ಅವರು ತಲೆಯಾಡಿಸಿದರು. ಆಪರೇಷನ್ ಆದಮೇಲೆ ಬಿಳಿ ಅಂಗಿ ನೀಲಿಯಾಗಿ ಕಾಣುತ್ತದೆ, ಹೆಂಡತಿಯ ಮುಖದಲ್ಲಿ ಇಲ್ಲದ ಸುಕ್ಕು ಕಾಣುತ್ತದೆ ಎಂದು ಅವರೇ ಆಶ್ಚರ್ಯಪಡುತ್ತಿದ್ದ ದಿನಗಳು ಅವು. ಕಣ್ಣೂ ಹೊಸದು, ಪರದೆಯೂ ಹೊಸದು. ಯಾವುದು ಬದಲಾಗಿದೆ ಎಂದು ಪಾಪ ಅವರಾದರೂ ಹೇಗೆ ಹೇಳಬೇಕು? "ಓದ್ದೋಳು ನೀನು, ನೀನ್ ಹೇಳಿದ್ ಮೇಲೆ ಸರಿ" ಎಂದು ಹೊಸ ಹಾಳೆ ತೆರೆದರು.

ಸಾವ್ಕಾರರು ಕೊಡಿಸಿದ ಹೊಸ ಕಂಪ್ಯೂಟರಿಗೂ ಅದನ್ನೇ ಹಾಕಿಕೊಟ್ಟೆ, ಕೆಳಗೆ ತಮ್ಮ ಮನೆಯಲ್ಲಿ ಮೂರು ವಾರ ಕೂತು ಬರೆದರು. ಬೆಳಗ್ಗೆ ನಾನು ಕಾಲೇಜಿಗೆ ಹೊರಡುವಾಗ ಕಿಟಕಿಯಲ್ಲಿ ಅವರ ಬೆನ್ನು ಕಾಣುತ್ತಿತ್ತು. ಪರದೆಯ ಮೇಲೆ ಮಣಿಗಳು ಒಂದೊಂದಾಗಿ ದುಂಡಗಾದವು. ನನ್ನನ್ನು ಕರೆದು ತೋರಿಸಿದರು. ನಿಜಕ್ಕೂ ಚೆನ್ನಾಗಿತ್ತು, ನಾನು ಚಪ್ಪಾಳೆ ತಟ್ಟಿದೆ. ಫೈಲನ್ನು ಪೆನ್‌ಡ್ರೈವಿಗೆ ಹಾಕಿಕೊಟ್ಟೆ. ರಟ್ಟಿಗೆ ತೂತು ಹೊಡೆಯುವವನು ಎರಡು ದಿನ ಬಿಟ್ಟು ಬಂದು, "ಏನ್ ಮೇಷ್ಟ್ರೇ, ಯಾವಾಗ್ಲೂ ನೂರು ರಟ್ಟು ಬರೋದು, ಈ ಸಲ ನೂರ ಮೂವತ್ತು ಚಿಲ್ಲರೆ ಆಯ್ತಲ್ಲ?" ಎಂದು ಕೇಳಿದ. ಮೇಷ್ಟ್ರು ನನ್ನ ಮುಖ ನೋಡಿದರು. ನಾನು ಬಟ್ಟೆ ಒಣಹಾಕುತ್ತಾ ಮೇಲಿನಿಂದಲೇ, "ಹೊಡೀರಿ, ಎಲ್ಲ ಸರಿ ಇದೆ" ಎಂದು ಕೂಗಿದೆ. ನನ್ನ ಅಪ್ಪನ ಮನೆಯ ಮಗ್ಗವೇನೋ ಎಂಬ ಹಾಗೆ!

ಸೀರೆಗಳು ಮಗ್ಗದಿಂದ ಇಳಿದ ಮೇಲೆ ಒಂದು ದಿನ ಸಾವ್ಕಾರರು ಇಬ್ಬರನ್ನೂ ಶೆಡ್ಡಿಗೆ ಕರೆಸಿದರು. ಮಗ್ಗಗಳನ್ನು ನಿಲ್ಲಿಸಿದ್ದರು. ಹೊಸ ಸೀರೆಯ ಸೆರಗು ಹಲಗೆಯ ಮೇಲೆ ಹರಡಿತ್ತು. ಕಡುನೀಲಿಯ ಮೇಲೆ ಜರಿಯ ಅಂಚು. ಅಂಚಿನ ಉದ್ದಕ್ಕೂ ಮಣಿಗಳಿದ್ದವು, ಆದರೆ ಒಂದೂ ದುಂಡಗಿರಲಿಲ್ಲ. ಎಲ್ಲ ನೀಳವಾಗಿ, ಎರಡೂ ತುದಿ ಚೂಪಾಗಿ ಎಳೆದ ಹಾಗಿದ್ದವು.

"ರುದ್ರಾಕ್ಷಿ ಕೇಳಿದ್ರೆ ಖರ್ಜೂರ ಕೊಟ್ಟಿದ್ದೀರಲ್ಲ ಮೇಷ್ಟ್ರೇ" ಎಂದರು ಸಾವ್ಕಾರರು. ಅವರು ರೇಗಲಿಲ್ಲ. ರೇಗಿದ್ದರೆ ಚೆನ್ನಾಗಿತ್ತು. "ನಾಲ್ಕು ಸೀರೆ ಇಳಿದ್ಮೇಲೆ ನೋಡಿದ್ದು. ಅಂಗಡಿಯವ್ರು ಬೇರೆ ಕಡೆ ಹೋದ್ರು."

ಮೇಷ್ಟ್ರು ಬಗ್ಗಿ ಅಂಚಿನ ಮೇಲೆ ಹೆಬ್ಬೆರಳು ಓಡಿಸಿದರು. ಮಣಿಯಿಂದ ಮಣಿಗೆ, ಹೋಗಿ ಬಂದು.

ಆಗ ಸಾವ್ಕಾರರು ನನ್ನ ಕಡೆ ತಿರುಗಿ, "ಅಮ್ಮಾ, ನೀವ್ ಮಾಡ್ಕೊಟ್ಟ ಮೆಷಿನ್ ಸರಿ ಇದ್ಯಾ? ನಿಜ ಹೇಳಿ" ಎಂದರು.

"ಮೆಷಿನ್ ಪಕ್ಕಾ ಸರಿ ಇದೆ" ಎಂದೆ. ಸುತ್ತ ಏಳೆಂಟು ನೇಕಾರರು ನಿಂತಿದ್ದರು. ನನ್ನ ಕೆಲಸದ ಮಾತು ಬಂದಿತ್ತು, ಹಾಗಾಗಿ ದನಿ ಸ್ವಲ್ಪ ಏರಿತ್ತು ಕೂಡ.

ಮೇಷ್ಟ್ರು ತಲೆಯೆತ್ತಿ ನನ್ನನ್ನು ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಡಾಕ್ಟರು ರಿಪೋರ್ಟ್ ಓದಿ ಹೇಳುವಾಗ ರೋಗಿ ಹೇಗೆ ನೋಡುತ್ತಾನೋ ಹಾಗೆ ನೋಡಿದರು. "ಅಂಗಾರೆ ನನ್ ಕಣ್ಣೇ ಹೋಯ್ತು ಬಿಡಿ ಸಾವ್ಕಾರ್ರೇ" ಎಂದರು. ಕಿವಿಯ ಹಿಂದಿನ ಪೆನ್ಸಿಲ್ ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡು ಹೊರಟುಹೋದರು.

ಆಮೇಲೆ ಸೂರತ್ತಿನ ಸಿಡಿಗಳು ಬಂದವು. ಸಾವ್ಕಾರರು ಕೆಟ್ಟವರೇನಲ್ಲ, ಮೇಷ್ಟ್ರನ್ನು ಹೊರಗೆ ಹಾಕಲಿಲ್ಲ. ಕಂಡಿಕೆ ಸುತ್ತುವ ಕೆಲಸ ಕೊಟ್ಟರು. ಲಾಳಿಯೊಳಗೆ ಇಡುವ ಪುಟ್ಟ ಕೊಳವೆಗೆ ನೂಲು ಸುತ್ತುವುದು, ಶೆಡ್ಡಿನ ಮೂಲೆಯಲ್ಲಿ ಹೆಂಗಸರ ಜೊತೆ ಕೂತು. ಅದಕ್ಕೆ ಕಣ್ಣು ಬೇಡ, ಕೈ ಸಾಕು. ನಾನು ಹಾದು ಹೋಗುವಾಗ ಎಂದಿನ ಹಾಗೇ ಮಾತಾಡಿಸುತ್ತಿದ್ದರು, ಆದರೆ ಕಿವಿ ಹಿಂಡುವ ತಮಾಷೆ ನಿಂತುಹೋಯಿತು. ಮನೆಯಲ್ಲಿ ಅವರ ಹೆಂಡತಿ ನನಗೆ ಹೇಳಿದ್ದು: "ಅಕ್ಕೀಲಿ ಕಲ್ಲು ಆರಿಸಕ್ಕೂ ಕೂರಲ್ಲ ಕಣಮ್ಮ ಈಗ. ನಂಗೆ ಕಾಣಲ್ಲ ನೀನೇ ನೋಡು ಅಂತಾರೆ. ಡಾಕ್ಟ್ರು ನೋಡಿದ್ರೆ ಕಣ್ಣು ಚೆನ್ನಾಗೈತೆ ಅಂತಾವ್ರೆ." ನಾನು ಅದಕ್ಕೂ "ಹೂಂ" ಎಂದು ಸುಮ್ಮನಾದೆ.

ಐದಾರು ತಿಂಗಳಾಗಿರಬೇಕು. ಲ್ಯಾಬಿನಲ್ಲಿ ಪರೀಕ್ಷೆ ನಡೆಯುತ್ತಿತ್ತು. ಪರದೆಯ ಮೇಲೆ ವೃತ್ತ ಬರೆಯುವ ಪ್ರೋಗ್ರಾಂ. ಒಬ್ಬ ಹುಡುಗಿ ಅಳುಮುಖ ಮಾಡಿಕೊಂಡು, "ಮೇಡಂ, ನನ್ ಸರ್ಕಲ್ ಮೊಟ್ಟೆ ಥರ ಬರ್ತಿದೆ, ಲೆಕ್ಕ ಎಲ್ಲ ಸರಿಯಾಗೇ ಹಾಕಿದ್ದೀನಿ" ಎಂದಳು. ವರ್ಷಕ್ಕೆ ಇಪ್ಪತ್ತು ಸಲ ಕೇಳುವ ಪ್ರಶ್ನೆ. ನಾನು ತಿರುಗಿಯೂ ನೋಡದೆ ವರ್ಷಕ್ಕೆ ಇಪ್ಪತ್ತು ಸಲ ಹೇಳುವ ಉತ್ತರ ಹೇಳಿದೆ. "ನಿನ್ನ ತಪ್ಪಲ್ಲ ಕಣೇ, ಆ ಮೆಷಿನ್ನಿನ ಗ್ರಾಫಿಕ್ಸ್ ಬೇರೆ. ಅದರಲ್ಲಿ ಚುಕ್ಕಿ ಚೌಕ ಇರಲ್ಲ..."

ಹೇಳುತ್ತಾ ಹೇಳುತ್ತಾ ಆ ಹುಡುಗಿಯ ಪರದೆಯ ಕಡೆ ತಿರುಗಿದೆ. ಕುರ್ಚಿ ಹಿಡಿದುಕೊಂಡು ಕೂತುಬಿಟ್ಟೆ.

ಬಟ್ಟೆಯಲ್ಲೂ ಚುಕ್ಕಿ ಚೌಕ ಇರುವುದಿಲ್ಲ. ಉದ್ದದ ಎಳೆಗಳು ಒತ್ತೊತ್ತಾಗಿ, ಅಡ್ಡದ ಎಳೆಗಳು ಸ್ವಲ್ಪ ಬಿಡುಬೀಸಾಗಿ ಇರುತ್ತವೆ. ಹಾಗಾಗಿ ಒಂದೊಂದು ಚುಕ್ಕಿಯೂ ಅಗಲಕ್ಕಿಂತ ಉದ್ದ ಜಾಸ್ತಿ, ನಿಲ್ಲಿಸಿದ ಇಟ್ಟಿಗೆಯ ಹಾಗೆ. ಮೇಷ್ಟ್ರ ಹಳೇ ಪರದೆಯೂ ಚುಕ್ಕಿಯನ್ನು ಹಾಗೇ ತೋರಿಸುತ್ತಿತ್ತು. ಅದರಲ್ಲಿ ದುಂಡಗೆ ಕಂಡದ್ದು ಸೀರೆಯಲ್ಲೂ ದುಂಡಗೇ ಬರುತ್ತಿತ್ತು. ನಾನು ಮಂಜು ಮಂಜು ಎಂದು ಪಕ್ಕಕ್ಕೆ ಸರಿಸಿದೆನಲ್ಲ, ಆ ಹಳೇ ಮಾದರಿಯೇ ಅವರದ್ದು. ನಾನು ಕೊಟ್ಟ ಚೆಂದದ ಪರದೆಯಲ್ಲಿ ಅವರು ದುಂಡಗೆ ಬರೆದದ್ದಕ್ಕೇ ಸೀರೆಯಲ್ಲಿ ಖರ್ಜೂರವಾಯಿತು. ಅವರ ಕಣ್ಣು ಮೊದಲ ದಿನವೇ ಸರಿಯಾಗಿ ಹೇಳಿತ್ತು, ಉದ್ದಿನವಡೆ ಎಂದು. ನಾನು ಬಾಯಿ ಮುಚ್ಚಿಸಿದ್ದೆ.

ಅರ್ಧ ದಿನ ರಜೆ ಬರೆದುಕೊಟ್ಟು ಮನೆಗೆ ಓಡಿದೆ. ನನ್ನ ಕಂಪ್ಯೂಟರಿನಲ್ಲಿ ಹಾಗೇ ಉಳಿದಿದ್ದ ಸುಳ್ಳು ಕಂಪ್ಯೂಟರಿನ ಪಟ್ಟಿ ತೆರೆದು ಹಳೇ ಮಾದರಿ ಆರಿಸಿದೆ. ಎರಡು ನಿಮಿಷದ ಕೆಲಸ. ಹಳೇ ಫೈಲು ತೆರೆದರೆ, ರುದ್ರಾಕ್ಷಿಗಳು ಅಚ್ಚಿನಲ್ಲಿ ಎರೆದಂತೆ ದುಂಡಗೆ ನಿಂತಿದ್ದವು. ನಾನು ಗಟ್ಟಿಯಾಗಿ ಅತ್ತೆ.

ಶೆಡ್ಡಿಗೆ ಹೋಗಿ ಎಲ್ಲರ ಮುಂದೆ ಹೇಳಿದೆ. ತಪ್ಪು ನನ್ನದು, ಮೆಷಿನ್ ಸರಿ ಇರಲಿಲ್ಲ, ಮೇಷ್ಟ್ರ ಕಣ್ಣಿಗೆ ಏನೂ ಆಗಿಲ್ಲ. ಸಾವ್ಕಾರರು ಕನ್ನಡಕ ಒರೆಸಿಕೊಂಡು, "ಆಗಿದ್ದು ಆಯ್ತು ಬಿಡಮ್ಮಾ, ಈಗ ಎಲ್ಲ ಸೂರತ್ ಸಿಡೀಲೇ ನಡೀತೈತೆ" ಎಂದರು. ಮೇಷ್ಟ್ರು ಕಂಡಿಕೆ ಸುತ್ತುವುದನ್ನು ನಿಲ್ಲಿಸಲಿಲ್ಲ.

"ಒಳ್ಳೇ ಮನಸ್ಸು ಕಣಮ್ಮ ನಿಂದು" ಎಂದರು. "ಮುದುಕ ಕೊರಗ್ತಾವ್ನೆ ಅಂತ ಸಮಾಧಾನಕ್ಕೆ ಹೇಳ್ತಿದ್ದೀಯ."

"ಸಮಾಧಾನಕ್ಕಲ್ಲ ಮೇಷ್ಟ್ರೇ! ದೇವರಾಣೆ! ಬನ್ನಿ ತೋರಿಸ್ತೀನಿ."

"ಅವತ್ತು ಎಲ್ರ ಮುಂದೆ ಮೆಷಿನ್ ಸರಿ ಐತೆ ಅಂದ್ಯಲ್ಲಮ್ಮ. ಆಗ ಸುಳ್ಳು ಹೇಳಕ್ಕೆ ನಿಂಗೇನಿತ್ತು?"

ಕೈ ಹಿಡಿದು ಎಬ್ಬಿಸಿಕೊಂಡು ಬಂದೆ. ನನ್ನ ಮಾತಿಗೆ ಎದುರಾಡಬಾರದೆಂದು ಬಂದರೇ ಹೊರತು ನಂಬಿ ಬರಲಿಲ್ಲ. ಪರದೆಯ ಮುಂದೆ ಕೂರಿಸಿದೆ. ಅವರದ್ದೇ ರುದ್ರಾಕ್ಷಿ, ಅವರೇ ಬರೆದದ್ದು, ಒಂದಾದ ಮೇಲೊಂದು ಸಾಲಾಗಿ. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಈಗ ಗುರುತು ಹಿಡಿಯುತ್ತಾರೆ, ಈಗ ಹೆಗಲು ಕುಣಿಯುತ್ತದೆ ಎಂದು ಕಾದೆ.

ಅವರು ಪರದೆ ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ದುಂಡಗೈತೇನಮ್ಮಾ?" ಎಂದು ಕೇಳಿದರು.

ಹೌದು ಎಂದು ತಲೆಯಾಡಿಸಿದೆ.

"ನೀನ್ ದುಂಡಗೈತೆ ಅಂದ್ರೆ ದುಂಡಗೇ ಇರುತ್ತೆ ಬಿಡು" ಎಂದು ಎದ್ದರು. ಮೆಟ್ಟಿಲಿನ ಕಂಬಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದು ಶೆಡ್ಡಿಗೆ ವಾಪಸ್ ಹೋದರು.

ಆಮೇಲೂ ನಾನು ಸುಮ್ಮನಿರಲಿಲ್ಲ. ಎರಡು ಮೂರು ಸಲ ಹೇಳಿ ನೋಡಿದೆ, ಅವರ ಹೆಂಡತಿಯ ಕೈಲಿ ಹೇಳಿಸಿದೆ. ಪ್ರತಿ ಸಲವೂ ಅದೇ ನಗು, "ಒಳ್ಳೇ ಹುಡುಗಿ" ಎಂಬ ಅದೇ ಮಾತು. ಕೊನೆಗೆ ನಾನು ಹೇಳಿದಷ್ಟೂ ಅವರಿಗೆ ಕರುಣೆಯ ಮಾತಾಗಿಯೇ ಕೇಳುತ್ತದೆ ಎಂದು ತಿಳಿದು ನಿಲ್ಲಿಸಿದೆ. ಎರಡು ವರ್ಷ ಕಂಡಿಕೆ ಸುತ್ತಿದರು. ಒಂದು ಬೇಸಗೆಯಲ್ಲಿ ಜ್ವರ ಬಂದು ನಾಲ್ಕೇ ದಿನಕ್ಕೆ ಹೋಗಿಬಿಟ್ಟರು. ಶೆಡ್ಡನ್ನೂ ಸಾವ್ಕಾರರು ಆಮೇಲೆ ಮುಚ್ಚಿದರು. ಈಗ ಅಲ್ಲಿ ಮೂರು ಅಂತಸ್ತಿನ ಕಟ್ಟಡ, ಕೆಳಗೆ ಮೊಬೈಲ್ ಅಂಗಡಿ. ನಾನು ತಣಿಸಂದ್ರಕ್ಕೆ ಮನೆ ಬದಲಾಯಿಸಿ ನಾಲ್ಕು ವರ್ಷವಾಯಿತು.

ಇವತ್ತಿಗೂ ಪ್ರತಿ ಸೆಮಿಸ್ಟರಿಗೆ ಲ್ಯಾಬಿನಲ್ಲಿ ಹೊಸ ವರ್ಚುವಲ್ ಮೆಷಿನ್ ಮಾಡುತ್ತೇನೆ. ಯಾವ ಗ್ರಾಫಿಕ್ಸ್ ಎಂದು ಆ ಪಟ್ಟಿ ಕೇಳುತ್ತದೆ. ಪಕ್ಕದಲ್ಲಿ ಯಾರೇ ಕೂತಿರಲಿ, ಜವಾನನೇ ಆಗಿರಲಿ, ಕರೆದು ಎಲ್ಲವನ್ನೂ ತೋರಿಸಿ ಯಾವುದು ಸರಿ ಎಂದು ಕೇಳುತ್ತೇನೆ. ಮೇಡಂಗೆ ವಯಸ್ಸಾಯಿತು ಎಂದು ಹುಡುಗರು ನಗುತ್ತಾರೆ. ನಗಲಿ... ಇದರಿಂದ ಏನೂ ವಾಪಸ್ ಬರುವುದಿಲ್ಲ ಎಂದು ನನಗೆ ಗೊತ್ತು. ಅಷ್ಟು ದುಂಡಗಿನ ರುದ್ರಾಕ್ಷಿ ಬರೆದ ಮನುಷ್ಯ ತನ್ನ ಕಣ್ಣು ಕೆಟ್ಟಿದೆ ಎಂದೇ ನಂಬಿಕೊಂಡು ಹೋದರು. ನಂಬಿಸಿದವಳು ನಾನು, ಬಿಡಿಸಲು ನನ್ನ ಕೈಲಾಗಲಿಲ್ಲ.